ಅಣ್ಣನಿಗೆ ಮತ್ತೆ ಮನೆ ಸಿಗುತ್ತಾ ಎಂದು ಕೇಳಿದ ತಂಗಿಗೆ

ತಂಗಿ, ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಈಗಷ್ಟೇ ಬಂದಿದ್ದೀಯ. ಬಂದು ನೋಡಿದರೆ ಲಕ್ವಾ ಹೊಡೆದ ಅಣ್ಣ ಐವತ್ತರೊಳಗೇ ನರ್ಸಿಂಗ್ ಹೋಮ್‌ನಲ್ಲಿ. "ಅವನು ಮತ್ತೆ ತನ್ನದೇ ಮನೆಯಲ್ಲಿ ಇರೋದು ಆಗುತ್ತಾ ಅಕ್ಕ?" ಅಂತ ಕೇಳಿದ್ದೀಯ. ಆಗುತ್ತದೆ. ಆದರೆ ಬೆನ್ನು ಹತ್ತಬೇಕು.

ಧಾರವಾಡ ಬಿಟ್ಟು ಬಂದಾಗಿನಿಂದ ನಾನು ಇಂಥ ಕಡೆಯೇ ಕೆಲಸ ಮಾಡಿದವಳು. ಒಂದು ಕೋಣೆಗೆ ಇಬ್ಬರು, ನಡುವೆ ಪರದೆ. ಸಂಜೆ ಐದಕ್ಕೇ ರಾತ್ರಿಯೂಟ. ಖರ್ಚು ಮೆಡಿಕೈಡ್‌ನದಾದರೆ, ಅಂದರೆ ಕಡಿಮೆ ಆದಾಯದವರಿಗೆ ಸರಕಾರ ಕೊಡುವ ಆರೋಗ್ಯ ವಿಮೆಯದಾದರೆ, ಅವನ ತಿಂಗಳ ಹಣ ಬಹುಪಾಲು ಅಲ್ಲಿಗೇ ಹೋಗುತ್ತದೆ. ಕೈಖರ್ಚಿಗೆ ಬಿಡಬೇಕಾದ ಕನಿಷ್ಠ ಮೊತ್ತ ತಿಂಗಳಿಗೆ 30 ಡಾಲರ್. ಎಷ್ಟೋ ರಾಜ್ಯಗಳು ಸ್ವಲ್ಪ ಜಾಸ್ತಿ ಬಿಡುತ್ತವೆ. ಅಷ್ಟರಲ್ಲಿ ಬಾಡಿಗೆ ಮನೆಯ ಡಿಪಾಸಿಟ್ ಕೂಡಿಸುವುದು ಎಲ್ಲಿಂದ? ಅದಕ್ಕೇ 'ಮನಿ ಫಾಲೋಸ್ ದಿ ಪರ್ಸನ್' ಯೋಜನೆ ಕೇಳು. ಹೆಚ್ಚಿನ ರಾಜ್ಯಗಳಲ್ಲಿ ಇದೆ. 60 ದಿನ ಒಳಗಿದ್ದ ಮೆಡಿಕೈಡ್‌ನವರು ಹೊರಗೆ ಹೋಗುವಾಗ ಡಿಪಾಸಿಟ್, ಪಾತ್ರೆ ಪಡಗಕ್ಕೂ ನೆರವು ಸಿಗಬಹುದು.

ಇನ್ನೊಂದು ಮಾತು, ಇದೇ ಮುಖ್ಯ. ಸುಮಾರು ಮೂರು ತಿಂಗಳಿಗೊಮ್ಮೆ ಅವನ ಸ್ಥಿತಿ ಪರಿಶೀಲಿಸುತ್ತಾರೆ. ಹೊರಗೆ ಹೋಗಿ ಬದುಕುವ ಬಗ್ಗೆ ಯಾರ ಜೊತೆಗಾದರೂ ಮಾತಾಡಬೇಕಾ ಅಂತ ಆಗ ಕೇಳಬೇಕು. ನಮ್ಮ ಕಡೆಯವರು ಏನು ಕೇಳಿದರೂ "ಆರಾಮ ಇದ್ದೇನೆ" ಅನ್ನುತ್ತಾರೆ ಅಲ್ವಾ? ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಎಷ್ಟು ಜನ ಹಾಗೇ ಉಳಿದುಬಿಟ್ಟರೋ! ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. "ಹೌದು, ನನಗೆ ಮನೆಗೆ ಹೋಗಬೇಕು" ಅಂತ ಅವನ ಬಾಯಿಂದಲೇ ಬರಲಿ. ಆಗ ಮನೆಗೆ ಮರಳಲು ನೆರವಾಗುವ ಹೊರಗಿನ ಏಜೆನ್ಸಿಗೆ ತಿಳಿಸುವುದು ನರ್ಸಿಂಗ್ ಹೋಮ್‌ನವರ ಜವಾಬ್ದಾರಿ. ತಳ್ಳಿಹಾಕಿದರೆ, ಅಲ್ಲಿ ಇರುವವರ ದೂರು ಕೇಳಿ ಅವರ ಪರ ನಿಲ್ಲುವ ಆಂಬಡ್ಸ್‌ಮನ್‌ಗೆ ಫೋನ್ ಮಾಡು. ಪ್ರತಿ ರಾಜ್ಯದಲ್ಲೂ ಇದ್ದಾರೆ, ದುಡ್ಡು ಬೇಡ.

ಇದು ಯಾರದೋ ಉಪಕಾರ ಅಂದುಕೊಳ್ಳಬೇಡ. ಹೊರಗೆ ಬದುಕಬಲ್ಲವರನ್ನು ಸಂಸ್ಥೆಯಲ್ಲೇ ಇಡುವುದು ತಾರತಮ್ಯ ಅಂತ 1999ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ ಹೇಳಿದೆ. ಆದರೂ ತಡವಾಗುತ್ತದೆ. ನರ್ಸಿಂಗ್ ಹೋಮ್ ಖರ್ಚು ಮೆಡಿಕೈಡ್ ಕೊಡಲೇಬೇಕು, ಮನೆಯಲ್ಲಿನ ಆರೈಕೆ ಬಹುಮಟ್ಟಿಗೆ ರಾಜ್ಯದ ಇಷ್ಟ. ಎಷ್ಟೋ ಕಡೆ ಅದಕ್ಕೆ ಸರದಿ ಪಟ್ಟಿ ಇದೆ. ಈ ವಾರವೇ ಹೆಸರು ಬರೆಸು.

ಕೇಶ್ವಾಪುರದಲ್ಲಿ ಅವ್ವ "ಊರಿಗೇ ಕರಕೊಂಡು ಬಾ" ಅಂತಾರೆ ಅಂದೆ. ಅವರ ಸಂಕಟ ನನಗೆ ಗೊತ್ತು. ಆದರೂ ಮೊದಲು ಅಣ್ಣನನ್ನು ಕೇಳು. ಅವನ ಗೆಳೆಯರು, ಫಿಸಿಯೋಥೆರಪಿ ಎಲ್ಲ ಇಲ್ಲಿದೆ. ನೀನೇ ಜೊತೆಗೆ ಇಟ್ಟುಕೊಳ್ಳುವುದಾದರೆ, ನೋಡಿಕೊಳ್ಳುವ ಮನೆಯವರಿಗೇ ಸಂಬಳ ಕೊಡುವ ರಾಜ್ಯಗಳೂ ಇವೆ.

ಮನೆ ನೋಡುವಾಗ ನೆಲಮಹಡಿಯದೇ ನೋಡು. ಬಚ್ಚಲಿನ ಬಾಗಿಲಲ್ಲಿ ವೀಲ್‌ಚೇರ್ ಹಿಡಿಸುತ್ತದೆಯೇ ಅಂತ ಟೇಪ್ ಹಿಡಿದು ಅಳೆ. ಯಾವ ರಾಜ್ಯದಲ್ಲಿದ್ದೀರಿ ತಿಳಿಸು, ಅಲ್ಲಿನ ಅರ್ಜಿ ಇಬ್ಬರೂ ಕೂತು ತುಂಬೋಣ.