ಒಕಿನಾವಾಕ್ಕೆ ಬಂದ ಮಾತ್ರಕ್ಕೆ ತೂಕ ಇಳಿಯದು

ಕೆಲಸಕ್ಕೆಂದು ಜಪಾನಿನ ದಕ್ಷಿಣದ ದ್ವೀಪಪ್ರಾಂತ ಒಕಿನಾವಾಕ್ಕೆ ಬರುತ್ತಿದ್ದೇನೆ, ಅಲ್ಲಿನ ಊಟ ಉಂಡರೆ ಬೊಜ್ಜು ತಾನೇ ಕರಗುತ್ತದಂತೆ, ಸಸ್ಯಾಹಾರಿಗೆ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ತೆಳು ಮೈ, ದೀರ್ಘಾಯುಷ್ಯದ ಆ ಖ್ಯಾತಿ ಎರಡನೇ ಮಹಾಯುದ್ಧಕ್ಕೆ ಮುಂಚೆ ಹುಟ್ಟಿದವರದು. ಅವರ ಮುಖ್ಯ ಆಹಾರ ಅನ್ನವಲ್ಲ, ಗೆಣಸು. 1972ರವರೆಗೂ ಅಮೆರಿಕದ ಆಡಳಿತವಿದ್ದದ್ದರಿಂದ ಡಬ್ಬಿಯ ಹಂದಿಮಾಂಸ, ಹ್ಯಾಂಬರ್ಗರ್ ಇಲ್ಲಿ ಬೇಗ ಬೇರೂರಿದವು. ರಾಜಧಾನಿ ನಾಹಾದ ಮಾನೊರೈಲು ಬಿಟ್ಟರೆ ರೈಲೇ ಇಲ್ಲ, ಕೂಗಳತೆ ದೂರಕ್ಕೂ ಕಾರು. ಗಂಡಸರ ಆಯುಷ್ಯದಲ್ಲಿ 47 ಪ್ರಾಂತಗಳ ನಡುವೆ 1995ರಲ್ಲಿ 4ನೆಯದಾಗಿದ್ದ ಒಕಿನಾವಾ 2000ದಲ್ಲಿ 26ಕ್ಕೆ, 2020ರಲ್ಲಿ 43ಕ್ಕೆ ಇಳಿಯಿತು. ಬೊಜ್ಜಿನಲ್ಲಿ ಮಾತ್ರ ಮುಂಚೂಣಿ.

ಹಾಗಾಗಿ ಹೋಟೆಲಿನ ಮೆನು ನೋಡಿ ಕಲಿಯಬೇಡಿ, ರೈತರ ಮಾರುಕಟ್ಟೆಗೆ ಹೋಗಿ. ಹಾಗಲ, ತುಪ್ಪದ ಹೀರೆ, ಪರಂಗಿಕಾಯಿ, ನೇರಳೆ ಗೆಣಸು, ಇಲ್ಲಿನ ಗಟ್ಟಿ ಟೋಫು (ಸೋಯಾ ಪನೀರ್) ಎಲ್ಲ ಸಿಗುತ್ತವೆ. ನಮ್ಮವರು ಎಡವುವುದು ಗೆಣಸಿನಲ್ಲಿ: ಅನ್ನದ ಬದಲಿಗೆ ತಿನ್ನಬೇಕಾದದ್ದನ್ನು ಅನ್ನದ ಜೊತೆಗೆ ತಿನ್ನುತ್ತಾರೆ. 200 ಗ್ರಾಂ ಬೇಯಿಸಿದ ಗೆಣಸೂ 150 ಗ್ರಾಂ ಅನ್ನವೂ ಕ್ಯಾಲೊರಿಯಲ್ಲಿ ಹೆಚ್ಚುಕಡಿಮೆ ಸಮ. (ಹಸಿ ಗೆಣಸನ್ನು ಟೋಕಿಯೊಗೆ ಒಯ್ಯಬೇಡಿ, ಕೀಟದ ಕಾರಣಕ್ಕೆ ನಿಷೇಧವಿದೆ.)

ಹಾಗಲದ ಚಂಪುರು, ಅಂದರೆ ಟೋಫು ಹಾಕಿದ ಇಲ್ಲಿನ ಹುರಿದ ಪಲ್ಯ, ಮನೆಯಲ್ಲೇ ಮಾಡಿ, ಹೊರಗಿನದರಲ್ಲಿ ಸಾಮಾನ್ಯವಾಗಿ ಹಂದಿಮಾಂಸ, ಮೊಟ್ಟೆ ಇರುತ್ತವೆ. ಒಂದು ಹಾಗಲ ಸೀಳಿ, ತಿರುಳು ಕೆರೆದು, ಅರ್ಧ ಸೆಂಟಿಮೀಟರಿಗಿಂತ ತೆಳ್ಳಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ. 300 ಗ್ರಾಂ ಟೋಫುವನ್ನು ಕೈಯಲ್ಲಿ ಮುರಿದು ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಜೋರು ಉರಿಯಲ್ಲಿ ಹಾಗಲ ಬಾಡಿಸಿ, ಟೋಫು ಸೇರಿಸಿ, ಕೊನೆಗೆ ಒಂದು ಚಮಚ ಸೋಯಾ ಸಾಸ್. ಎರಡನ್ನೂ ಒಟ್ಟಿಗೆ ಸುರಿದರೆ ಟೋಫು ನೀರು ಬಿಟ್ಟು ಹಾಗಲ ಬೆಂದು ಮುದ್ದೆಯಾಗುತ್ತದೆ. ಹೊರಗೆ ತಿನ್ನುವಾಗ ಕೇಳಬೇಕಾದದ್ದು ಸಾರಿನ ಬಗ್ಗೆ: ತರಕಾರಿ ಎಂದು ಬರೆದಿದ್ದರೂ ಒಳಗೆ ಒಣಮೀನಿನ ಸಾರಿರಬಹುದು. ಒಕಿನಾವಾ ಸೋಬಾ ಎಂಬ ನೂಡಲ್ಸಿನ ಸಾರಂತೂ ಸಾಮಾನ್ಯವಾಗಿ ಹಂದಿ, ಒಣಮೀನಿನದೇ.

ನಲವತ್ತು ದಾಟಿದ್ದರೆ ವಾರ್ಷಿಕ ತಪಾಸಣೆಯಲ್ಲಿ ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯುತ್ತಾರೆ. ಮಿತಿ ಗಂಡಸರಿಗೆ 85 ಸೆಂ.ಮೀ., ಹೆಂಗಸರಿಗೆ 90. ಇಲ್ಲಿ ಬೊಜ್ಜು ಎನ್ನುವುದು ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 25ರಿಂದ. ನಮ್ಮ ಮೈಕಟ್ಟಿಗೆ ಎಚ್ಚರಿಕೆಯ ಗೆರೆ 23, ಅಂದರೆ 170 ಸೆಂ.ಮೀ. ಎತ್ತರದವರಿಗೆ ಸುಮಾರು 66 ಕೆಜಿ. ವರದಿಯಲ್ಲಿ ‘ಸಾಮಾನ್ಯ’ ಎಂದು ಬಂದರೂ ಈ ಗೆರೆಯನ್ನೇ ನೋಡಿಕೊಳ್ಳಿ.