ಮಾರಿಸ್ ಮೈನರ್: ಬೆಲೆ ಕೇಳುವ ಮೊದಲು ಅಡಿ ನೋಡಿ

ಹಳೆಯ ಬ್ರಿಟಿಷ್ ಕಾರುಗಳ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ತಾತನ ಕಾಲದ 1955ರ ಮಾರಿಸ್ ಮೈನರ್ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ನಿಂತಿದೆ. ಬಹಳ ಅಪರೂಪದ ಗಾಡಿ ಅಂತ ಎಲ್ಲರೂ ಹೇಳುತ್ತಾರೆ. ಎಂಜಿನ್ ಜಾಮ್ ಆಗಿದೆ. ರಿಸ್ಟೋರ್ ಮಾಡಿಸಬಹುದೇ, ಸಾರ್?

ಅಪರೂಪ ಅಲ್ಲ. 1948ರಿಂದ 1971ರವರೆಗೆ ಸುಮಾರು 16 ಲಕ್ಷ ಮೈನರ್‌ಗಳು ತಯಾರಾದವು. ಗ್ರಿಲ್ಲಿನೊಳಗೇ ಹೆಡ್‌ಲೈಟ್ ಇರುವ, 918 ಸಿಸಿ ಸೈಡ್‌ವಾಲ್ವ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರುವ) ಎಂಜಿನ್ನಿನ ಮೊದಮೊದಲ ಗಾಡಿಗಳನ್ನು ಅಪರೂಪ ಅನ್ನಿ, ಒಪ್ಪುತ್ತೇನೆ. ನಿಮ್ಮದು ಅಪರೂಪವಲ್ಲ ಅನ್ನುವುದೇ ನಿಮ್ಮ ಭಾಗ್ಯ. ಬಾಗಿಲ ಕೆಳಗಿನ ಉದ್ದ ತಗಡಿನಿಂದ (ಸಿಲ್) ಹಿಡಿದು ಬ್ರೇಕ್ ಸಿಲಿಂಡರ್‌ವರೆಗೆ ಇದರ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತವೆ.

1955ರದ್ದು ಹೌದೋ ಅಲ್ಲವೋ ಮೊದಲು ನೋಡಿ. ಮುಂದಿನ ಗಾಜು ಎರಡು ತುಂಡು, ಗ್ರಿಲ್ಲಿನಲ್ಲಿ ಅಡ್ಡ ಪಟ್ಟಿಗಳು, ಎಂಜಿನ್ 803 ಸಿಸಿ ಇರಬೇಕು. ಒಂದೇ ತುಂಡಿನ ಬಾಗಿದ ಗಾಜು ಬಂದದ್ದು 1956ರಲ್ಲಿ, 948 ಸಿಸಿ ಎಂಜಿನ್ ಜೊತೆಗೆ. ನಿಮ್ಮ ಗಾಡಿಯಲ್ಲಿ ಅದಿದ್ದರೆ ದಾಖಲೆ ಒಂದು, ಬಾಡಿ ಇನ್ನೊಂದು.

ಎಂಜಿನ್ ಜಾಮ್ ಆಗಿದ್ದಕ್ಕೆ ಹೆದರಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಬಿಟ್ಟು, ಎರಡು ಮೂರು ದಿನ ಬಿಡಿ. ಆಮೇಲೆ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟಿಂಗ್ ಹ್ಯಾಂಡಲ್‌ನಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಗೇರ್ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಕಚ್ಚಿಕೊಂಡ ವಾಲ್ವ್ ಇದ್ದರೆ ಅದನ್ನು ತಳ್ಳುವ ಕಡ್ಡಿ (ಪುಶ್‌ರಾಡ್) ಬಾಗುತ್ತದೆ. ಹಾಗೆ ಮಾಡಿ ಅನ್ನುವ ಮೆಕ್ಯಾನಿಕ್‌ಗೆ ಚಹಾ ಕೊಟ್ಟು ಕಳಿಸಿ.

ಗಾಡಿಯ ಹಣೆಬರಹ ಇರುವುದು ಅಡಿಯಲ್ಲಿ. ಮೈನರ್‌ಗೆ ಪ್ರತ್ಯೇಕ ಚಾಸಿ ಇಲ್ಲ, ತಗಡೇ ಅದರ ಎಲುಬು. ಮ್ಯಾಟ್ ಎತ್ತಿ, ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಕೂತುಕೊಳ್ಳಿ. ಬಾಗಿಲ ಕೆಳಗಿನ ಸಿಲ್‌ಗಳು, ಮುಂದಿನ ಸೀಟಿನ ಕೆಳಗೆ ಹಾದುಹೋಗುವ ಅಡ್ಡ ತೊಲೆಯ (ಕ್ರಾಸ್‌ಮೆಂಬರ್) ಎರಡು ತುದಿ, ಹಿಂದಿನ ಪಟ್ಟೆ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ: ಈ ಮೂರನ್ನು ಒತ್ತಿ ಚುಚ್ಚಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಹಪ್ಪಳದಂತೆ ಮುರಿದು, ಒಳಗಿಂದ ಕೆಂಪು ಪುಡಿ ಉದುರುತ್ತದೆ. ಕ್ರಾಸ್‌ಮೆಂಬರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ಸಸ್ಪೆನ್ಷನ್‌ನಲ್ಲಿ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳುಗಳ (ಟಾರ್ಷನ್ ಬಾರ್) ಹಿಂತುದಿ ಬಿಗಿಯಾಗಿರುವುದೇ ಅಲ್ಲಿ. ಅದು ಕೊಳೆತರೆ ಮುಂಭಾಗ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಂದು ಪರೀಕ್ಷೆ: ಜ್ಯಾಕಿಂಗ್ ಪಾಯಿಂಟಿಗೆ ಜ್ಯಾಕ್ ಕೊಟ್ಟು ಸ್ವಲ್ಪ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಸಿಕ್ಕಿಕೊಂಡರೆ ಬಾಡಿ ಬಾಗುತ್ತಿದೆ ಎಂದೇ ಅರ್ಥ.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಒಳಗಿಂದ ಕಬ್ಬಿಣದ ಪೈಪ್ ಅಡ್ಡ ಬೆಸೆಯಲೇಬೇಕು. ಹಾಗೆ ಮಾಡದೆ ಕತ್ತರಿಸಿದರೆ ಬಾಡಿ ನಡು ಜಗ್ಗಿ ಬಾಗಿಲು ಮತ್ತೆ ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. 18 ಗೇಜ್ ತಗಡು ಹಾಕಿ, ಒಮ್ಮೆಗೆ ಒಂದಿಂಚು ಮಾತ್ರ ಬೆಸೆದು ತಣ್ಣಗಾಗಲು ಬಿಡಿ. ತುಕ್ಕಿನ ಮೇಲೆ ಫೈಬರ್, ಪುಟ್ಟಿ, ಅದರ ಮೇಲೆ ಕಪ್ಪು ಅಂಡರ್‌ಕೋಟ್ ಬಳಿದು "ರಿಸ್ಟೋರ್ ಆಯ್ತು" ಅನ್ನುವವರು ನೀರನ್ನು ಒಳಗೇ ಕೂಡಿಹಾಕುತ್ತಾರೆ. ಇಂಥವರ ಬಗ್ಗೆ ನನಗೆ ಸಿಟ್ಟಿದೆ. ಕೊಳ್ಳುವಾಗ ಜೇಬಿನಲ್ಲಿ ಅಯಸ್ಕಾಂತ ಇರಲಿ, ಪುಟ್ಟಿಗೆ ಅದು ಅಂಟುವುದಿಲ್ಲ.

ರಸ್ತೆಗಿಳಿಸುವ ಮುಂಚೆ ಮುಂದಿನ ಚಕ್ರ ಎಡಬಲ ತಿರುಗುವ ಗೂಟದ (ಕಿಂಗ್‌ಪಿನ್) ಕೆಳತುದಿ ಕೂರುವ ತಿರುಪಿನ ಜೋಡಣೆಯನ್ನು (ಟ್ರನಿಯನ್) ನೋಡಿಸಿ. ಸಾವಿರ ಮೈಲಿಗೊಮ್ಮೆ ಗ್ರೀಸ್ ಕಾಣದಿದ್ದರೆ ಅದರ ತಿರುಪಿನ ಸುತ್ತು (ಥ್ರೆಡ್) ಸವೆದು ಪಿನ್ ಕಳಚುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಇಪ್ಪತ್ತು ವರ್ಷ ನಿಂತ ಬ್ರೇಕಿನ ರಬ್ಬರು ಒಂದನ್ನೂ ನಂಬಬೇಡಿ. ಪೂರ್ತಿ ಬದಲಿಸಿ.

ಮೂರೂ ಜಾಗದಲ್ಲಿ ತಗಡು ಗಟ್ಟಿಯಿದ್ದರೆ ಧೈರ್ಯವಾಗಿ ಕೈ ಹಾಕಿ. ಎರಡು ಕಡೆ ಕೊಳೆತಿದ್ದರೆ, ಅದು ಬರೀ ತಾತನ ಗಾಡಿ ಅನ್ನುವ ಪ್ರೀತಿಗಾಗಿ ಮಾಡುವ ಖರ್ಚು. ಆ ಪ್ರೀತಿ ತಪ್ಪಲ್ಲ, ಲಾಭದ ಲೆಕ್ಕ ಬೇಡ.

ಪ್ರಶ್ನೆ: ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಜಿನ್ನೂ 948 ಸಿಸಿ, ಮೈನರ್‌ಗೆ ಕೂರುತ್ತದಂತೆ?

ಇಲ್ಲ. ಸಿಸಿ ಒಂದೇ, ಎಂಜಿನ್ ಬೇರೆ ಕಂಪನಿಯದು.

ಪ್ರಶ್ನೆ: ಮೈನರ್‌ಗೆ ಬ್ಯಾಟರಿ ಹೇಗೆ ಕೊಡಬೇಕು?

ಪಾಸಿಟಿವ್ ತಂತಿ ಬಾಡಿಯ ತಗಡಿಗೆ. ಈಗಿನ ಗಾಡಿಗೆ ತಿರುಗುಮುರುಗು.

ಪ್ರಶ್ನೆ: ಹೊಸ ಎಂಜಿನ್ ಹಾಕಿ ವಿಂಟೇಜ್ ನೋಂದಣಿ ಮಾಡಿಸಬಹುದೇ?

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ಮಾತ್ರ 'ವಿಎ' ಸರಣಿಯ ನಂಬರ್. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿದ್ದರೆ ಸಿಗದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಡುವ ಯೋಜನೆ ಇದ್ದರೆ ಈಗಲೇ ಕೈಬಿಡಿ.