ಫಿಸಿಯೋಥೆರಪಿ ಕ್ಲಿನಿಕ್‌ಗೆ ಜನರನ್ನು ಸೆಳೆಯಲು ಉಚಿತ ತಪಾಸಣಾ ಶಿಬಿರ ನಡೆಸುವುದು ಸರಿಯೇ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು: ಹೊಸದಾಗಿ ಕ್ಲಿನಿಕ್ ತೆರೆದಿದ್ದೀರಿ, ಬಾಡಿಗೆ ಕೈ ಕಚ್ಚುತ್ತಿದೆ. ಬಡಾವಣೆಯ ಪಾರ್ಕಿನಲ್ಲಿ ಒಂದು ಭಾನುವಾರ ಮೂಳೆ ಸಾಂದ್ರತೆ ಮತ್ತು ಭಂಗಿಯ ಉಚಿತ ತಪಾಸಣೆ ಇಟ್ಟರೆ ಜನ ತಾವಾಗಿಯೇ ಬರುತ್ತಾರೆ ಎಂದು ಗೆಳೆಯರು ಹೇಳಿದ್ದಾರೆ, ಆದರೆ ನಿಮಗೆ ಅಳುಕು. ನಾನು ಹದಿನೇಳು ವರ್ಷಗಳಿಂದ ಮೈಸೂರಿನಲ್ಲಿ ಇದೇ ವೃತ್ತಿಯಲ್ಲಿದ್ದೇನೆ. ಇಂಥ ಶಿಬಿರಗಳನ್ನು ಕೆಟ್ಟದಾಗಿಯೂ ನಡೆಸಿದ್ದೇನೆ, ತಕ್ಕಮಟ್ಟಿಗೆ ಸರಿಯಾಗಿಯೂ ನಡೆಸಿದ್ದೇನೆ. ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ.

ಓದು ಮುಗಿಸಿ ಮೊದಲು ಸೇರಿದ ಕ್ಲಿನಿಕ್‌ನಲ್ಲಿ ತಿಂಗಳಿಗೆ ಎರಡು ಭಾನುವಾರ ಶಿಬಿರ ಇರುತ್ತಿತ್ತು. ಅಲ್ಲಿ ತುಂಬಬೇಕಿದ್ದ ಫಾರಂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದರಲ್ಲಿ ‘ಅಲ್ಪ’, ‘ಮಧ್ಯಮ’, ‘ತೀವ್ರ’ ಎಂಬ ಮೂರು ಚೌಕಗಳಿದ್ದವು. ‘ತೊಂದರೆ ಇಲ್ಲ’ ಎಂದು ಗುರುತು ಹಾಕಲು ಚೌಕವೇ ಇರಲಿಲ್ಲ. ಅರವತ್ತು ಜನ ಸಾಲಿನಲ್ಲಿ ನಿಂತರೆ ಅರವತ್ತು ಜನರಿಗೂ ಏನಾದರೊಂದು ಇರಲೇಬೇಕು. ಸಂಜೆ ಮಾಲೀಕರು ಎಷ್ಟು ಜನರನ್ನು ನೋಡಿದಿರಿ ಎಂದು ಕೇಳುತ್ತಿರಲಿಲ್ಲ, ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಎಷ್ಟು ಹೋಯಿತು ಎಂದು ಕೇಳುತ್ತಿದ್ದರು.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಸಕ್ಕರೆ ಕಾಯಿಲೆ ಇತ್ತು, ದಿನಾ ಬೆಳಿಗ್ಗೆ ಅದೇ ಪಾರ್ಕಿನಲ್ಲಿ ಐದು ಸುತ್ತು ಹಾಕುತ್ತಿದ್ದರು. ನಮ್ಮ ಬ್ಯಾನರ್ ಅವರ ಕಣ್ಣಿಗೆ ಬಿದ್ದದ್ದೂ ಹಾಗೆಯೇ. ಮಂಡಿ ಮಡಚಿ ನೋಡಿದೆ, ಕರಕರ ಸದ್ದು ಬಂತು. ನೋವಿಲ್ಲ ಎಂದರು. ನಾನು ‘ಸವೆತ ಶುರುವಾಗಿದೆ’ ಎಂದು ‘ಮಧ್ಯಮ’ದ ಚೌಕದಲ್ಲಿ ಗುರುತು ಹಾಕಿದೆ. ಅವರು ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಕೆಲವು ತಿಂಗಳ ಮೇಲೆ ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕರು. ವಾಕಿಂಗ್ ಹೇಗಿದೆ ಸಾರ್ ಎಂದೆ. ‘ಬಿಟ್ಟುಬಿಟ್ಟೆ ಡಾಕ್ಟರೇ. ಸವೆದಿದೆ ಎಂದು ನೀವೇ ಹೇಳಿದಿರಲ್ಲ, ಇನ್ನೂ ಸವೆಸಿಕೊಳ್ಳುವುದು ಯಾಕೆ?’ ಎಂದರು.

ಜನ ನಮ್ಮನ್ನು ಡಾಕ್ಟರ್ ಎಂದೇ ಕರೆಯುತ್ತಾರೆ, ಹಾಗಾಗಿ ನಾವು ಬಾಯಿತಪ್ಪಿ ಆಡಿದ್ದಕ್ಕೂ ತೂಕ ಬಂದುಬಿಡುತ್ತದೆ. ಅವರ ಒಂದು ರೂಪಾಯಿಯನ್ನೂ ನಾವು ಕಿತ್ತುಕೊಳ್ಳಲಿಲ್ಲ, ನಡಿಗೆಯನ್ನು ಕಿತ್ತುಕೊಂಡೆವು. ಫಿಸಿಯೋ ಆದವನು ಮಾಡಬಹುದಾದ ಅತಿ ಕೆಟ್ಟ ಕೆಲಸ ಇದೇ ಎಂದು ನನ್ನ ಭಾವನೆ.

ಆದ್ದರಿಂದ ಉಚಿತ ಎನ್ನುವುದರಲ್ಲಾಗಲಿ, ಪ್ರಚಾರ ಎನ್ನುವುದರಲ್ಲಾಗಲಿ ನನಗೆ ದೋಷ ಕಾಣುವುದಿಲ್ಲ. ನಿಮ್ಮ ಶಿಬಿರಕ್ಕೆ ಬಂದವರಿಗೆ ‘ನೀವು ಚೆನ್ನಾಗಿದ್ದೀರಿ, ನನ್ನ ಹತ್ತಿರ ಬರಬೇಕಾಗಿಲ್ಲ’ ಎಂದು ಹೇಳಿ ಕಳುಹಿಸುವ ದಾರಿ ಇದೆಯೇ? ನಾನಾದರೆ ಅದೊಂದನ್ನೇ ನೋಡುತ್ತೇನೆ.

ಹುಡುಕಿದರೆ ಎಲ್ಲರಲ್ಲೂ ಏನಾದರೂ ಸಿಗುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ. 36 ಮಾತ್ರ. ಒಂದು ಭುಜ ತಗ್ಗು, ಪಾದ ಚಪ್ಪಟೆ, ಕತ್ತು ಮುಂದೆ ಎಂದು ನೀವು ಪಾರ್ಕಿನಲ್ಲಿ ಪಟ್ಟಿ ಮಾಡುವುದೂ ಇದೇ ಜಾತಿಯದು. ನೋವಿಲ್ಲದವರಲ್ಲಿ ಅದು ನರೆತ ಕೂದಲಿದ್ದಂತೆ. ತಪಾಸಣೆ ಯಾವಾಗ ತಕ್ಕದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲೇ ವಿಲ್ಸನ್ ಮತ್ತು ಯುಂಗ್ನರ್ ಅವರಿಂದ ಹತ್ತು ಸೂತ್ರ ಬರೆಸಿತು: ಕಾಯಿಲೆ ಗಣನೀಯವಾಗಿರಬೇಕು, ಪರೀಕ್ಷೆ ನೆಚ್ಚುವಂತಿರಬೇಕು, ಸಿಕ್ಕಿದ್ದಕ್ಕೆ ಒಪ್ಪಿತ ಚಿಕಿತ್ಸೆ ಇರಬೇಕು, ಹೀಗೆ. ಭಂಗಿ ತಪಾಸಣೆ ಮೊದಲನೆಯದರಲ್ಲೇ ಮುಗ್ಗರಿಸುತ್ತದೆ.

ಇನ್ನು ಮೂಳೆ ಸಾಂದ್ರತೆ ನೋಡಲು ಶಿಬಿರಗಳಲ್ಲಿ ಹಿಮ್ಮಡಿಗೆ ಇಡುವ ಆ ಅಲ್ಟ್ರಾಸೌಂಡ್ ಯಂತ್ರ. ಮೂಳೆ ಸವಕಳಿಯನ್ನು ನಿರ್ಣಯಿಸುವ ಮೈನಸ್ 2.5 ಎಂಬ ಗೆರೆ ಇರುವುದು ಸೊಂಟ ಮತ್ತು ಬೆನ್ನುಮೂಳೆಗೆ ಮಾಡುವ ಡೆಕ್ಸಾ ಎಂಬ ಎಕ್ಸ್-ರೇ ಸ್ಕ್ಯಾನ್‌ಗೆ. ಹಿಮ್ಮಡಿಯ ಅಲ್ಟ್ರಾಸೌಂಡ್ ಕೊಡುವ ಅಂಕಿಗೆ ಅದೇ ಗೆರೆ ಹೊಂದುವುದಿಲ್ಲ. ಸಾಲದ್ದಕ್ಕೆ ಆ ಅಂಕಿ ಹೋಲಿಸುವುದು ಆರೋಗ್ಯವಂತ ಯುವ ವಯಸ್ಕರೊಂದಿಗೆ, ಆದ್ದರಿಂದ ಅರವತ್ತು ದಾಟಿದ ಹೆಂಗಸಿಗೆ ಮೈನಸ್ ಬಂದರೆ ಅಚ್ಚರಿಯೇನಿಲ್ಲ. ಬಣ್ಣದ ಚೀಟಿಯಲ್ಲಿ ಕೆಂಪು ಕಂಡ ಅಜ್ಜಿಗೆ ಇದನ್ನೆಲ್ಲ ಯಾರು ವಿವರಿಸುತ್ತಾರೆ? ಯಂತ್ರವನ್ನು ಪುಕ್ಕಟೆ ಒದಗಿಸುವವರು ಎಷ್ಟೋ ಸಲ ಕ್ಯಾಲ್ಸಿಯಂ ಮಾತ್ರೆ ಮಾರುವ ಕಂಪನಿಯವರೇ ಆಗಿರುತ್ತಾರೆ. ನಿಮ್ಮ ಬ್ಯಾನರ್ ಕೆಳಗೆ ಅವರ ವ್ಯಾಪಾರ ನಡೆಯುತ್ತದೆ.

ಕಾನೂನಿನ ಬಗ್ಗೆಯೂ ಕೇಳಿದ್ದೀರಿ. ರೋಗಿಗಳನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕರೆದು ಸೆಳೆಯಬಾರದು ಎನ್ನುವ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಬರೆದದ್ದು ವೈದ್ಯರಿಗೆ. ನಮ್ಮ ವೃತ್ತಿ ಬರುವುದು ವೈದ್ಯರಲ್ಲದ ಆರೋಗ್ಯ ವೃತ್ತಿಗಳಿಗಾಗಿ ಮಾಡಿದ 2021ರ ಕೇಂದ್ರ ಕಾಯ್ದೆಯ ಕೆಳಗೆ, ಕ್ಲಿನಿಕ್ ನೋಂದಣಿ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ. ವೈದ್ಯರ ನಿಯಮ ನಮ್ಮನ್ನು ನೇರವಾಗಿ ಕಟ್ಟುವುದಿಲ್ಲ ಎಂಬುದನ್ನೇ ರಹದಾರಿ ಮಾಡಿಕೊಂಡವರನ್ನು ನೋಡಿದ್ದೇನೆ. ಅವರ ಸಾಲಿಗೆ ಸೇರಬೇಡಿ.

ನಾನು ಈಗ ಮಾಡುವುದು ವರ್ಷಕ್ಕೆ ಒಂದೋ ಎರಡೋ ಶಿಬಿರ, ಅರವತ್ತು ದಾಟಿದವರಿಗೆ ಮಾತ್ರ, ಬೀಳುವ ಅಪಾಯ ಎಷ್ಟಿದೆ ಎಂದು ನೋಡಲು. ಬೇಕಾದದ್ದು ಒಂದು ಕುರ್ಚಿ, ಒಂದು ಸೀಮೆಸುಣ್ಣ, ಗಡಿಯಾರ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಗಮನ ಕೊಡಬೇಕಾದದ್ದಿದೆ ಎಂದು ಅರ್ಥ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಉಳಿದಿದೆಯೇ ಎಂದು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತೇನೆ. ಬಚ್ಚಲಿನ ನೆಲ, ಸಡಿಲ ಚಪ್ಪಲಿ, ರಾತ್ರಿ ನುಂಗುವ ನಿದ್ರೆ ಮಾತ್ರೆ, ಇವುಗಳ ಬಗ್ಗೆ ಕೇಳುತ್ತೇನೆ. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದೆ ಎಂದು ಯಾರಾದರೂ ಹೇಳಿದರೆ ಅಂದೇ ಆಸ್ಪತ್ರೆಗೆ ಕಳುಹಿಸುತ್ತೇನೆ, ಅದು ನನ್ನ ಕೈಯ ಕೆಲಸವಲ್ಲ. ಚೀಟಿಯನ್ನು ಅವರ ಕೈಗೇ ಕೊಡುತ್ತೇನೆ. ಮೊಬೈಲ್ ನಂಬರ್ ಬರೆದುಕೊಳ್ಳುವುದಿಲ್ಲ. ಅಲ್ಲಿ ಪ್ಯಾಕೇಜ್ ಮಾತೇ ಇಲ್ಲ. ವ್ಯಾಯಾಮ ಬೇಕಾದವರಿಗೆ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು ಎಂದು ಬಾಯಿಬಿಟ್ಟು ಹೇಳುತ್ತೇನೆ.

ನಾನೇನು ಸಂತನಲ್ಲ. ಬ್ಯಾನರ್ ಮೇಲೆ ನನ್ನ ಕ್ಲಿನಿಕ್ ಹೆಸರು ದಪ್ಪಕ್ಷರದಲ್ಲೇ ಇರುತ್ತದೆ. ಕಳೆದ ಸಲ ನಲವತ್ತು ಜನ ಬಂದಿದ್ದರು, ಆಮೇಲೆ ಕ್ಲಿನಿಕ್ ಮೆಟ್ಟಿಲು ಹತ್ತಿದವರು ಮೂವರು. ಬಾಡಿಗೆಗೆ ಸಾಲುವ ಲೆಕ್ಕ ಇದಲ್ಲ ಎಂದು ನಿಮ್ಮ ಗೆಳೆಯರು ಹೇಳಬಹುದು, ಅವರು ಹೇಳುವುದು ನಿಜವೇ.

ಇಷ್ಟೆಲ್ಲ ಮಾಡಿದರೂ ಒಂದು ಗಂಟು ನನಗೆ ಬಿಡಿಸಲಾಗಿಲ್ಲ. ಅದು ಹಂಗು. ಆ ಮೂವರಲ್ಲಿ ಒಬ್ಬರು ಎಪ್ಪತ್ತರ ಹೆಂಗಸು. ಹನ್ನೊಂದು ಸೆಕೆಂಡಿಗೆ ಎದ್ದು ನಡೆದು ಕೂತವರು, ಬರಬೇಕಾಗಿಲ್ಲ ಎಂದೇ ಹೇಳಿದ್ದೆ. ಯಾಕೆ ಬಂದಿರಿ ಅಮ್ಮಾ ಎಂದರೆ, ‘ಅಷ್ಟು ಹೊತ್ತು ನನ್ನ ಪಾದ ಹಿಡಿದು ನೋಡಿದೆಯಪ್ಪಾ, ಒಂದು ಸಲವಾದರೂ ಬರದಿದ್ದರೆ ಹೇಗೆ?’ ಎಂದು ಪರ್ಸ್ ತೆಗೆದರು. ದುಡ್ಡು ಮುಟ್ಟದೆ, ಒಂಟಿ ಕಾಲಿನಲ್ಲಿ ನಿಲ್ಲುವ ವ್ಯಾಯಾಮ ಹೇಳಿಕೊಟ್ಟು ಕಳುಹಿಸಿದೆ. ಮುಂದಿನ ವಾರ ಎರಡು ಕಿಲೋ ಅವರೆಕಾಯಿ ತಂದು ಮೇಜಿನ ಮೇಲಿಟ್ಟು, ಬೇಡ ಎನ್ನುವಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿದ್ದರು.